ಅತ್ತೆಯ ಮಣಿಕಟ್ಟು

ಅತ್ತೆ ಎದೆಯೊಳಗೆ ಯಂತ್ರ ಇಡಿಸಿಕೊಂಡು ಮುಂಬಯಿಯಿಂದ ಬಂದಾಗ ನಾನು ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ಅವರು ನನ್ನ ಮೈ ಮುಟ್ಟಿದ್ದು ಒಂದೇ ಸಲ, ಮದುವೆಯ ದಿನ ನಾನು ಕಾಲಿಗೆ ಬಿದ್ದಾಗ. ಕೆಟ್ಟವರೇನಲ್ಲ. ಬಿಜ್ಜರಗಿಯಲ್ಲಿ ಹುಟ್ಟಿ, ಸಣ್ಣ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡು, ಕುರಿ ಮೇಯಿಸಿ ಮಗನನ್ನು ಓದಿಸಿ, ಮಗಳನ್ನು ಟಿಕೋಟಾಕ್ಕೆ ಕೊಟ್ಟ ಹೆಂಗಸು. ಮಾತು ಕಡಿಮೆ. ಯಾರಿಗೂ ಕೈ ಚಾಚಿ ಗೊತ್ತಿಲ್ಲ.

ಹಿಂದಿನ ಚಳಿಗಾಲದಲ್ಲಿ, ಬಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುತ್ತ ಕುಳಿತವರು ಹಾಗೇ ಗೋಡೆಗೆ ವಾಲಿದರು. ಕಣ್ಣು ತೆರೆದೇ ಇತ್ತು, ನೋಟ ಇರಲಿಲ್ಲ. ನಾನು ನೀರು ಚಿಮುಕಿಸುವಷ್ಟರಲ್ಲಿ ಎಚ್ಚರವಾಗಿ, "ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಾಕತ್ತೈತಿ, ನೋಡು" ಅಂದರು. ಅದೇ ವಾರ ಮತ್ತೆರಡು ಸಲ ಬಿದ್ದರು. ಊರಿನ ಡಾಕ್ಟರು ನಾಡಿ ಹಿಡಿದು ಎರಡೆರಡು ಸಲ ಎಣಿಸಿದರು. ಆಮೇಲೆ ನನ್ನ ಗಂಡನನ್ನು ಹೊರಗೆ ಕರೆದು, "ಇದು ನಮ್ಮ ಕೈಯಾಗಿನ ಮಾತಲ್ಲರಿ ಮಾಸ್ತರ. ಮುಂಬಯಿಗೆ ಒಯ್ಯರಿ" ಅಂದರು.

ನನ್ನ ಗಂಡ ತೊರವಿಯ ಶಾಲೆಯಲ್ಲಿ ಮಾಸ್ತರರು. ರಜೆ ಹಾಕಿ, ಸೊಲ್ಲಾಪುರದ ಮೇಲೆ ರೈಲು ಹಿಡಿದು ತಾಯಿಯನ್ನು ಕರೆದೊಯ್ದರು. ತಿಂಗಳಾದ ಮೇಲೆ ಬಂದಾಗ ಅತ್ತೆಯ ಎಡಗಡೆ, ಹೆಗಲಿನ ಕೆಳಗೆ, ಚರ್ಮದಡಿ ಸಣ್ಣ ಕಡುಬಿನಷ್ಟು ಗಟ್ಟಿ ಉಬ್ಬು ಇತ್ತು. ಅದರಿಂದ ಒಂದು ತಂತಿ ಹೃದಯಕ್ಕೆ ಹೋಗಿದೆ, ನಿಮಿಷಕ್ಕೆ ಎಪ್ಪತ್ತು ಸಲ ಅದೇ ಬಡಿಸುತ್ತದೆ ಎಂದು ನಮ್ಮವರು ವಿವರಿಸಿದರು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ನೋಡಲು ಬಂದರು. ಅತ್ತೆ ಸೆರಗು ಬಿಗಿಯಾಗಿ ಹೊದ್ದು ಕುಳಿತು, "ನೋಡೂದೇನೈತಿ? ಜೀವಂತ ಅದೀನಿ, ನೋಡ್ರಿ" ಅಂದುಬಿಟ್ಟರು.

ಮುಂಬಯಿಯ ಡಾಕ್ಟರು ಎರಡು ಮಾತು ಹೇಳಿ ಕಳಿಸಿದ್ದರು. ಯಂತ್ರ ಬಡಿತವನ್ನಷ್ಟೇ ಸರಿ ಮಾಡುತ್ತದೆ. ಹೃದಯ ಸೋತಿದೆ, ಅದನ್ನು ಯಂತ್ರ ಗಟ್ಟಿ ಮಾಡಲಾರದು. ಅದಕ್ಕೆ ಉಪ್ಪು ಬಿಡಬೇಕು, ನೀರು ಅಳೆದು ಕುಡಿಯಬೇಕು, ಗುಳಿಗೆ ತಪ್ಪಿಸಬಾರದು. ಇನ್ನೊಂದು, ಯಂತ್ರದ ಬ್ಯಾಟರಿ ಬಹಳವೆಂದರೆ ಎರಡು ಮೂರು ವರ್ಷ ಬಾಳುತ್ತದೆ. ದಿನಾ ಬೆಳಿಗ್ಗೆ ನಾಡಿ ಎಣಿಸಬೇಕು. ಅರವತ್ತೈದಕ್ಕೆ ಇಳಿಯಿತೋ, ಒಂದು ದಿನವೂ ಕಾಯದೆ ಹೊರಟು ಬರಬೇಕು.

ನಮ್ಮವರು ಏಳಕ್ಕೆಲ್ಲ ಸೈಕಲ್ಲು ಹತ್ತಿ ತೊರವಿಗೆ ಹೋಗುತ್ತಿದ್ದರು. ಆದ್ದರಿಂದ ಎಣಿಸುವ ಕೆಲಸ ನನ್ನದಾಯಿತು. ಕೈಗಡಿಯಾರವನ್ನು ಮನೆಯಲ್ಲೇ ಬಿಟ್ಟು ಹೋದರು.

"ಅತ್ತಿ, ಕೈ ಕೊಡ್ರಿ."

"ನಿನಗೇನ ತಿಳೀತೈತಿ ಬೇ?"

"ಏಳನೇತ್ತಾ ತನಕಾ ಸಾಲಿ ಓದೇನ್ರಿ. ಎಣಸಾಕ ಬರ್ತೈತಿ."

ಕೈ ಕೊಟ್ಟರು, ಮುಖ ಆ ಕಡೆ ತಿರುಗಿಸಿಕೊಂಡರು. ಅಷ್ಟು ಸಣ್ಣ ಮಣಿಕಟ್ಟು ಎಂದು ನಾನು ಅಂದುಕೊಂಡಿರಲಿಲ್ಲ. ಅವರ ಬಳೆಗಳನ್ನು ಗಂಡ ಸತ್ತ ದಿನವೇ ಒಡೆದಿದ್ದರು. ಬೋಳು ಕೈಯ ಮೇಲೆ ನನ್ನ ಎರಡು ಬೆರಳಿಟ್ಟು ಮುಳ್ಳು ಒಂದು ಸುತ್ತು ಬರುವವರೆಗೆ ಎಣಿಸಿದೆ. ಮೊದಲ ದಿನ ಲೆಕ್ಕ ತಪ್ಪಿತು. ಎರಡನೇ ಸಲ ಎಪ್ಪತ್ತು ಬಂತು. ಹಾಗೆ ಶುರುವಾದದ್ದು ದಿನದ ರೂಢಿಯಾಯಿತು.

ನಾಡಿ ಎಣಿಸುವುದು ಸುಲಭ. ಕಷ್ಟವಿದ್ದದ್ದು ಉಪ್ಪು ಮತ್ತು ನೀರಿನದು. ಉಪ್ಪಿಲ್ಲದ ಪಲ್ಲೆಯನ್ನು ಅತ್ತೆ ಮೊದಲ ತುತ್ತಿಗೇ ತಳ್ಳಿದರು. "ದನಾ ಸುದ್ದಾ ಮೂಸೂದಿಲ್ಲ ಇದನ್ನ." ಮರುದಿನದಿಂದ ನಾನೂ ಅದನ್ನೇ ಉಂಡೆ. ಅವರು ನನ್ನ ತಾಟನ್ನು ನೋಡಿದರು, ತಮ್ಮದನ್ನು ಎಳೆದುಕೊಂಡು ಉಂಡರು. ಹುಣಸೆ, ಜೀರಿಗೆ, ಬೆಳ್ಳುಳ್ಳಿ ಹಾಕಿ ನಾಲಿಗೆಗೆ ಮೋಸ ಮಾಡುವುದನ್ನು ಮೆಲ್ಲಗೆ ಕಲಿತೆ.

ನೀರಿಗೆ ಅಂಥ ಉಪಾಯ ಇರಲಿಲ್ಲ. ದಿನಕ್ಕೆ ಒಂದೇ ತಂಬಿಗೆ. ಬಿಜಾಪುರದ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನದೊಳಗೆ ಅದು ಮುಗಿಯುತ್ತಿತ್ತು. ನಾನು ಕೊಡವನ್ನು ಅಡುಗೆಮನೆಯ ಒಳಗೆ ಇಟ್ಟು ಕದ ಮುಂದೆ ಮಾಡಿ ಕೂರುತ್ತಿದ್ದೆ. ಯಾರಿಗೂ ಕೈ ಚಾಚದ ಅತ್ತೆ ಒಂದು ಮಧ್ಯಾಹ್ನ ಹೊಸ್ತಿಲ ತನಕ ಬಂದು ನಿಂತರು.

"ಒಂದ ಗುಟುಕ ಕೊಡ ಬೇ. ಯಾರಿಗೂ ಹೇಳೂದಿಲ್ಲ."

ಅವರ ಕಾಲು ನೋಡಿದೆ. ಬೆಳಿಗ್ಗೆ ಬೆರಳಿನಿಂದ ಒತ್ತಿದಾಗ ಬಿದ್ದ ಗುಳಿ ತುಂಬಲು ಬಹಳ ಹೊತ್ತು ಹಿಡಿದಿತ್ತು. ಹಿಂದಿನ ವಾರ ಹೀಗೇ ಬಾವು ಏರಿ, ಮಲಗಿದರೆ ಉಸಿರು ಕಟ್ಟಿ, ಗೋಡೆಗೆ ಆತು ಕುಳಿತೇ ಕಾಲ ಕಳೆದಿದ್ದರು. ಕೊಟ್ಟರೆ ಉಸಿರು ಕಟ್ಟುತ್ತದೆ, ಕೊಡದಿದ್ದರೆ ಈ ಮುಖ ನೋಡಬೇಕು. ಅರ್ಧ ಲಿಂಬೆಹಣ್ಣು ಕೊಯ್ದು ಕೊಟ್ಟು, "ಇದನ್ನ ಚೀಪ್ರಿ ಅತ್ತಿ" ಅಂದೆ. ಅವರು ಅದನ್ನು ಹಿಡಿದುಕೊಂಡು ಒಳಗೆ ಹೋದರು. ಸಂಜೆಯ ತನಕ ನಾನೂ ನೀರು ಕುಡಿಯಲಿಲ್ಲ.

ಹಾಗೆಂದು ಬರೀ ನರಳಿ ಬದುಕಿದರೆಂದು ತಿಳಿಯಬಾರದು. ದೇಹದ ಜೊತೆ ಒಂದು ಒಪ್ಪಂದಕ್ಕೆ ಬಂದಂತೆ ನಡಕೊಂಡರು. ನಾಲ್ಕು ರೊಟ್ಟಿ ಬಡಿದು ಹತ್ತು ನಿಮಿಷ ಕೂರುವುದು, ಮತ್ತೆ ನಾಲ್ಕು. ಸ್ನಾನ ಮಣೆಯ ಮೇಲೆ ಕೂತು. ಹೊರಸಿನ ತಲೆಭಾಗಕ್ಕೆ ಎರಡೆರಡು ಇಟ್ಟಂಗಿ. ಸಂಜೆ ಓಣಿಯ ತುದಿಯ ಬೇವಿನ ಮರದ ತನಕ ನಡಿಗೆ. ಉಸಿರು ಹತ್ತಿದರೆ ಯಾರದೋ ಕಟ್ಟೆಯ ಮೇಲೆ ಕೂತು ಅವರ ಮನೆಯ ಸುದ್ದಿ ಕೇಳಿಕೊಂಡು ಬರುವರು. ನಾಡಿ ಎಣಿಸುವ ನಿಮಿಷ ಮುಗಿದ ಮೇಲೂ ಕೈ ಹಿಂದಕ್ಕೆ ಎಳೆದುಕೊಳ್ಳದೆ ಬಿಜ್ಜರಗಿಯ ಕುರಿಗಳ ಮಾತು ಹೇಳತೊಡಗಿದರು. ಯಾವ ಕುರಿ ಯಾವಾಗ ಈದಿತು ಎಂಬುದು ಅವರಿಗೆ ಇನ್ನೂ ನೆನಪಿತ್ತು.

ಮೂರನೆಯ ವರ್ಷ ಟಿಕೋಟಾದಿಂದ ಸುದ್ದಿ ಬಂತು. ಮದುವೆಯಾಗಿ ಎಂಟು ವರ್ಷಕ್ಕೆ ನನ್ನ ನಾದಿನಿ ಗರ್ಭಿಣಿಯಾಗಿದ್ದಳು. ಏಳು ತಿಂಗಳಿಗೆ ಕುಬಸ, ಎಂದರೆ ಸೀಮಂತದ ಕಾರ್ಯ, ಇಟ್ಟಿದ್ದರು. ಮಗಳಿಗೆ ಕೊಡಲು ಅತ್ತೆ ಹಸಿರು ಇಳಕಲ್ ಸೀರೆ ತರಿಸಿ ದಿನಾ ಮಡಿಕೆ ಬಿಚ್ಚಿ ನೋಡುತ್ತಿದ್ದರು.

ಕುಬಸಕ್ಕೆ ನಾಲ್ಕು ದಿನ ಇರುವಾಗ ಎಣಿಕೆ ಅರವತ್ತೇಳು ಬಂತು. ನಾನು ತಪ್ಪಿದೆನೆಂದು ಮತ್ತೆ ಎಣಿಸಿದೆ. ಅರವತ್ತೇಳೇ. ಮರುದಿನ ಅರವತ್ತಾರು. ಅದರ ಮರುದಿನ ಅರವತ್ತೈದಾದಾಗ ಗಡಿಯಾರ ಕೆಳಗಿಟ್ಟೆ.

"ಎಷ್ಟಾತು?"

ನಾನು ಹೇಳಿದೆ.

ಅತ್ತೆ ನನ್ನ ಕೈ ಹಿಡಿದರು. "ಇನ್ನ ಎರಡ ದಿನ. ಕುಬಸ ಮುಗಸ್ಕೊಂಡ ಹೋಗೂನು. ಅವಗ ಹೇಳಬ್ಯಾಡ."

"ಡಾಕ್ಟರ ಒಂದಿನಾನೂ ಕಾಯಬ್ಯಾಡ ಅಂದಾರ್ರಿ ಅತ್ತಿ."

"ಎಂಟ ವರ್ಷ ಕಾದಾಳ ನನ್ನ ಮಗಳು. ಮುಂಬಯಿಗೆ ಹೋದಾಕಿ ತಿರುಗಿ ಬರ್ತೀನಂತ ನಿನಗ ಗ್ಯಾರಂಟಿ ಐತೇನು?"

ಇರಲಿಲ್ಲ. ಸಂಜೆ ನಮ್ಮವರು ಬಂದು ಎಂದಿನಂತೆ "ಎಷ್ಟೈತಿ ಇವತ್ತ?" ಎಂದು ಕೇಳಿದರು. ನಾನು "ಎಪ್ಪತ್ತ" ಅಂದೆ. ಅಷ್ಟು ಸಲೀಸಾಗಿ ಆ ಸುಳ್ಳು ನನ್ನ ಬಾಯಿಂದ ಬಂದದ್ದು ಈಗಲೂ ನನಗೆ ಆಶ್ಚರ್ಯ. ಮರುದಿನ ಅರವತ್ಮೂರಿತ್ತು. ಅಂದೂ ಹಾಗೇ ಹೇಳಿದೆ.

ಟಿಕೋಟಾದಲ್ಲಿ ಅತ್ತೆ ಮಗಳಿಗೆ ಸೀರೆ ಉಡಿಸಿದರು, ಹಸಿರು ಬಳೆ ಇಡಿಸಿದರು. ವಿಧವೆ ಎಂದು ಹಿಂದೆ ಸರಿದು ನಿಂತವರನ್ನು ನಾದಿನಿಯೇ ಎಳೆದು ತಂದು, "ಮೊದಲ ನಮ್ಮವ್ವ ಉಡಿ ತುಂಬಲಿ" ಅಂದಳು. ಅತ್ತೆ ನಗುತ್ತ ಕೊಬ್ಬರಿ ಬಟ್ಟಲು ಎತ್ತಿಕೊಂಡರು. ಉಡಿ ತುಂಬಿ ಮೇಲೇಳುವಾಗ ಕುಸಿದರು.

ಮುಂದಿನ ಎರಡು ದಿನ ನನಗೆ ತುಂಡು ತುಂಡಾಗಿ ನೆನಪಿವೆ. ಯಾರದೋ ಜೀಪಿನಲ್ಲಿ ಬಿಜಾಪುರಕ್ಕೆ. ಡಾಕ್ಟರು ನಾಲಿಗೆಯ ಕೆಳಗಿಡುವ ಗುಳಿಗೆ ಕೊಟ್ಟು ರೈಲಿಗೆ ಹತ್ತಿಸಿದರು. ಈ ಸಲ ನಾನೂ ಹೋದೆ. ದಾರಿಯುದ್ದಕ್ಕೂ ಅತ್ತೆಯ ತಲೆ ನನ್ನ ತೊಡೆಯ ಮೇಲಿತ್ತು. ನಾಲ್ಕು ಸಲ ಕಣ್ಣು ಮೇಲೆ ಹೋದವು. ಪ್ರತಿ ಸಲವೂ ಗುಳಿಗೆ ಇಟ್ಟು, ಕೆನ್ನೆ ತಟ್ಟಿ, ಹೆಸರು ಹಿಡಿದು ಕರೆಯಬಾರದವರನ್ನು ಹೆಸರು ಹಿಡಿದು ಕರೆದೆ. ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಏನೂ ಇರಲಿಲ್ಲ. ರೈಲು ತನ್ನ ಪಾಡಿಗೆ ಹೋಗುತ್ತಿತ್ತು, ನಿಲ್ದಾಣದಲ್ಲೆಲ್ಲ ನಿಲ್ಲುತ್ತಿತ್ತು, ಜನ ಇಳಿದು ಚಹಾ ಕುಡಿಯುತ್ತಿದ್ದರು.

ಉಳಿದರು. ಹಳೆಯ ಯಂತ್ರ ತೆಗೆದು ಹೊಸದು ಇಟ್ಟರು. "ಎಣಿಸುತ್ತಿರಲಿಲ್ಲವೇ?" ಎಂದು ಅಲ್ಲಿನ ಡಾಕ್ಟರು ಕೇಳಿದಾಗ ನಮ್ಮವರು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿದೆ. ಮಲಗಿದ್ದಲ್ಲಿಂದ ಅತ್ತೆ ಹೇಳಿದರು, "ಆಕೀನ ಏನೂ ಅನಬ್ಯಾಡ. ನಾನ ಆಣಿ ಹಾಕಿದ್ನಿ." ಆಣೆ ಹಾಕಿರಲಿಲ್ಲ. ಊರಿಗೆ ಬಂದ ಮೇಲೆ ನಮ್ಮವರು ಬಹಳ ದಿನ ಗಡಿಯಾರವನ್ನು ತಾವೇ ಕಟ್ಟಿಕೊಂಡು ಹೋದರು. ಹೋಗುವ ಮುಂಚೆ ತಾವೇ ಎಣಿಸುವರು. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

ಹೊಸ ಯಂತ್ರ ಎಣಿಕೆ ತಪ್ಪಲಿಲ್ಲ. ಸೋತದ್ದು ಹೃದಯ. ಬೇವಿನ ಮರದ ತನಕದ ನಡಿಗೆ ಕಟ್ಟೆಯ ತನಕ ಬಂತು, ಆಮೇಲೆ ಹೊಸ್ತಿಲ ತನಕ. ಗುಳಿಗೆ ಎರಡರಿಂದ ಮೂರಾದವು. ಮೊಮ್ಮಗ ಹುಟ್ಟಿದ್ದ, ಅವನನ್ನು ತೊಡೆಯ ಮೇಲೆ ಹಾಕಿಕೊಂಡರೆ ಉಸಿರು ಹತ್ತುತ್ತಿತ್ತು, ಆದರೂ ಇಳಿಸುತ್ತಿರಲಿಲ್ಲ.

ಹೊಸ ಯಂತ್ರ ಇಟ್ಟು ಒಂದೂವರೆ ವರ್ಷಕ್ಕೆ ನಾನು ಹೆರಿಗೆಗೆಂದು ತವರಿಗೆ, ಬಬಲೇಶ್ವರಕ್ಕೆ ಹೋದೆ. ಅತ್ತೆಯನ್ನು ನೋಡಿಕೊಳ್ಳಲು ನಾದಿನಿ ಟಿಕೋಟಾಕ್ಕೆ ಕರೆದೊಯ್ದಿದ್ದಳು. ನನಗೆ ಮಗಳು ಹುಟ್ಟಿ ಹನ್ನೊಂದನೆಯ ದಿನ ಮಧ್ಯಾಹ್ನ ನನ್ನ ಅಣ್ಣ ಬಾಣಂತಿ ಕೋಣೆಯ ಹೊರಗೆ ನಿಂತು ಅವ್ವನೊಂದಿಗೆ ಪಿಸುಗುಟ್ಟಿದ. ನನಗೆ ತಿಳಿದುಹೋಯಿತು. ಎದ್ದು ಸೀರೆ ಸರಿ ಮಾಡಿಕೊಂಡೆ.

ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಹಸಿ ಬಾಣಂತಿ ಸಾವಿನ ಮನಿಗಿ ಹೋಗಬಾರದವ್ವಾ."

"ಒಂದ ಸಲ ಮುಖ ನೋಡಿ ಬರ್ತೀನಿ."

"ಬಸ್ಸಿಗೆ ಹೋಗಿ ಮುಟ್ಟೂದರಾಗ ಮಣ್ಣ ಮಾಡಿರ್ತಾರ. ಕೂಸಿನ ಮಾರಿ ನೋಡು."

ಕೂಸು ಅಳುತ್ತಿತ್ತು. ನಾನು ಕುಳಿತೆ. ಅಳಲು ಹೊರಟರೆ ಅಜ್ಜಿ, "ಅಳಬ್ಯಾಡ, ಹಾಲ ಬತ್ತತಾವು" ಎಂದು ಗದರಿದಳು. ಹೊರಸಿನ ಕೆಳಗಿನ ಕೆಂಡಕ್ಕೆ ಯಾರೋ ಲೋಬಾನ ಹಾಕಿದರು. ಹೊಗೆಗೆ ಕಣ್ಣಲ್ಲಿ ನೀರು ಬಂತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ.

ನಾಲ್ಕು ದಿನ ಕಳೆದು ನಮ್ಮವರು ಬಂದರು. ತಲೆ ಬೋಳಿಸಿದ್ದರು. ಹೊಸ್ತಿಲಾಚೆ ಕುಳಿತು ಹೇಳಿದರು, "ಊಟಾ ಮಾಡಿ ಮೊಮ್ಮಗನ ಬಾಜೂಕ ಅಡ್ಡಾಗಿದ್ಳಂತ. ಏಳಲಿಲ್ಲ." ಇನ್ನೇನಾದರೂ ಹೇಳುತ್ತಾರೆಂದು ಕಾದೆ. ಅವರು ಮಗಳತ್ತ ಕೈ ನೀಡಿದರು. ಎತ್ತಿ ಕೊಟ್ಟೆ.