ವಿಜಯನಗರದ ಮನೆಯಲ್ಲಿ ಕಪ್ಪೆಚಿಪ್ಪಿನ ಮೊಟ್ಟೆ

ಎಂಬತ್ತರ ದಶಕದಲ್ಲಿ ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಲೇ ಎಂ.ಫಿಲ್.ಗೆ ಓದುತ್ತಿದ್ದೆ. ಸಾಕುವ ಕಪ್ಪೆಚಿಪ್ಪುಗಳ ಮೊಟ್ಟೆ ಎಷ್ಟು ಬಿಸಿಗೆ, ಎಷ್ಟು ಉಪ್ಪಿಗೆ ಚೆನ್ನಾಗಿ ಬೆಳೆಯುತ್ತದೆ ಎಂಬುದು ನನ್ನ ವಿಷಯ. ಸಮುದ್ರವಿಲ್ಲದ ಬೆಂಗಳೂರಿನಲ್ಲಿ ಕೂತು ಇಂಥದ್ದನ್ನು ಆರಿಸಿಕೊಂಡೆ. ಹಟ ನನಗೆ ಸ್ವಲ್ಪ ಜಾಸ್ತಿ. ಚಿಪ್ಪುಗಳೂ ಕಡಲ ನೀರಿನ ಕ್ಯಾನುಗಳೂ ಮಂಗಳೂರಿನ ಬಸ್ಸಿನಲ್ಲಿ ಬರುತ್ತಿದ್ದವು. ಲ್ಯಾಬಿನ ತಗಡಿನ ಮಾಡು ಕಾದು ಎರಡು ಸಲ ಮೊಟ್ಟೆಗಳು ಸತ್ತವು. ಚಿಪ್ಪುಗಳು ಮೊಟ್ಟೆಯಿಡುವ ಕಾಲ ಮುಗಿಯುತ್ತಿತ್ತು. ಮೂರನೆಯ ಸಲವೂ ಕೈಕೊಟ್ಟರೆ ಪದವಿ ಮುಂದಿನ ವರ್ಷಕ್ಕೇ.

ಮೂರನೆಯ ಸಲದ ಮೊಟ್ಟೆಗಳಿದ್ದ ಗಾಜಿನ ಬಟ್ಟಲನ್ನು ವಿಜಯನಗರದ ಮನೆಗೇ ತಂದೆ. ಮೊಟ್ಟೆ ಎಂಬುದು ಅದುವರೆಗೆ ನಮ್ಮ ಹೊಸಿಲು ದಾಟಿರಲಿಲ್ಲ. ಅತ್ತೆ ಬಗ್ಗಿ ನೋಡಿದರು. ಕಣ್ಣಿಗೆ ಏನೂ ಕಾಣಲಿಲ್ಲ.

“ಕಾಣದೇ ಇರೋದಕ್ಕೆ ಮಡಿ ಎಂಥದು, ಬಿಡು,” ಎಂದು ಕುಡಿಯುವ ನೀರಿನ ಮಡಕೆಯನ್ನು ಪಕ್ಕಕ್ಕಿಟ್ಟು, ಅದರಡಿಯ ತಣ್ಣನೆಯ ಒದ್ದೆ ಮರಳಿನ ಜಾಗವನ್ನು ನನ್ನ ಬಟ್ಟಲಿಗೆ ಬಿಟ್ಟುಕೊಟ್ಟರು.

ಮರುದಿನ ನನಗೆ ಪರೀಕ್ಷೆಯ ಡ್ಯೂಟಿ. ಬಟ್ಟಲಿಗೆ ಗೆರೆ ಎಳೆದು, “ನೀರು ಆರಿ ಇದಕ್ಕಿಂತ ಕೆಳಗಿಳಿದ್ರೆ ಕಾಯಿಸಿ ತಣಿಸಿದ ನೀರು ಹಾಕಿ ಅತ್ತೆ,” ಎಂದು ಹೇಳಿ ಬಸ್ಸು ಹಿಡಿದೆ. ನೀರು ಆರಿದರೂ ಉಪ್ಪು ಆರುವುದಿಲ್ಲ, ಅದಕ್ಕೇ ಬರೀ ನೀರು ಸಾಕು ಎಂದು ಬಿಡಿಸಿ ಹೇಳುವ ತಾಳ್ಮೆ ನನಗಿರಲಿಲ್ಲ.

ಸಂಜೆ ಬಂದು, ಲ್ಯಾಬಿನಿಂದ ತಂದಿದ್ದ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರೆ ಈಜಾಡಬೇಕಿದ್ದ ಮರಿಗಳಿಲ್ಲ. ಮೊಟ್ಟೆಗಳೆಲ್ಲ ಮುದುಡಿಕೊಂಡಿದ್ದವು.

“ನೀರಿಗೆ ಏನು ಹಾಕಿದ್ರಿ ಅತ್ತೆ?”

“ಸಮುದ್ರದ ಕೂಸುಗಳು, ಸಪ್ಪೆ ನೀರು ಹೆಂಗೆ ಕೊಡ್ಲಿ ಅಂತ ಒಂದಿಷ್ಟು ಕಲ್ಲುಪ್ಪು ಕರಗಿಸಿ ಹಾಕ್ದೆ ಕಣೇ.”

ನನಗೆ ಮೈಯೆಲ್ಲ ಉರಿಯಿತು. “ಅಂದಾಜಿಗೆ ಹಾಕೋಕೆ ಇದೇನು ಸಾರಾ?”

“ಅಂದಾಜಿಗೆ ಹಾಕ್ಲಿಲ್ಲ. ಬಟ್ಟಲ ನೀರು ನಾಲಿಗೆಗೆ ಹಚ್ಚಿ ನೋಡಿ, ಅಷ್ಟೇ ಉಪ್ಪು ಮಾಡಿ ಹಾಕ್ದೆ. ನಾಲ್ಕು ಸಲಾನೂ.”

ಅತ್ತೆ ತಾವು ಮಾಡಿದ ಸಾರಿನ ರುಚಿಯನ್ನೂ ಮೊದಲೇ ನೋಡಿದವರಲ್ಲ. ದೇವರಿಗೆ ನೈವೇದ್ಯವಾಗದೆ ಏನನ್ನೂ ನಾಲಿಗೆಗೆ ತಾಗಿಸುತ್ತಿರಲಿಲ್ಲ. ಉಪ್ಪಿಗೆ ಕೈಯಂದಾಜೇ ಅವರ ಅಳತೆ. ಅಂಥವರು ಮೊಟ್ಟೆಯ ನೀರನ್ನು ನಾಲ್ಕು ಸಲ ಬಾಯಿಗಿಟ್ಟಿದ್ದರು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಅವರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ.

ಆ ವರ್ಷ ಪದವಿ ಬರಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಬೆಂಗಳೂರಿನ ಬಿಸಿಲನ್ನು ಬೈದೆ.