ರಸ್ತೆಗೆ ಬೆನ್ನು ಹಾಕಿದ ಮನೆಗಳು

ಎಣ್ಣೆ ಬಾವಿಗಳ ಕ್ಯಾಂಪಿನ ಮನೆಗಳಿಗೆ ತಳಪಾಯವೆಂಬುದೇ ಇರಲಿಲ್ಲ. ದಪ್ಪ ತೊಲೆಗಳ ಮೇಲೆ ಕೂರಿಸಿದ ಮರದ ಮನೆಗಳು ಅವು. ಒಂದು ಕಡೆಯ ಬಾವಿಗಳು ಬತ್ತಿದವೆಂದರೆ ಕಂಪನಿಯವರು ಕ್ರೇನು ತರಿಸಿ, ಮನೆಯನ್ನು ಇದ್ದ ಹಾಗೆಯೇ ಎತ್ತಿ ಉದ್ದನೆಯ ಲಾರಿಯ ಮೇಲಿಟ್ಟು, ಹೊಸ ಬಾವಿ ತೋಡಿದಲ್ಲಿಗೆ ಸಾಗಿಸುತ್ತಿದ್ದರು. ಮೊಳೆಗೆ ನೇತುಹಾಕಿದ ಚೀಲ ಕೂಡ ತೂಗಾಡುತ್ತ ಮನೆಯೊಂದಿಗೇ ಪ್ರಯಾಣ ಮಾಡುತ್ತಿತ್ತು.

ಎಲ್ಲರೂ ರೇಡಿಯೋ ಎಂದು ಕರೆಯುತ್ತಿದ್ದ ಹುಡುಗಿ ಬೆಳೆದದ್ದು ಅಂಥದೊಂದು ಮನೆಯಲ್ಲಿ. ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಅಕ್ಕನ ಒಬ್ಬಳೇ ಮಗಳು. ಬೆಳಿಗ್ಗೆ ಕಣ್ಣು ಬಿಟ್ಟರೆ ಬಾಯಿಯೂ ಬಿಟ್ಟುಕೊಳ್ಳುತ್ತಿತ್ತು, ರಾತ್ರಿ ಕಣ್ಣು ಮುಚ್ಚಿದ ಮೇಲೂ ಸ್ವಲ್ಪ ಹೊತ್ತು ನಡೆಯುತ್ತಿತ್ತು. ದೊಡ್ಡವಳಾದ ಮೇಲೆ ಅದೇ ಕ್ಯಾಂಪಿನ ಟೆಲಿಫೋನು ಕೋಣೆಯಲ್ಲಿ ಕೆಲಸಕ್ಕೆ ಸೇರಿ, ಬಾವಿಯಿಂದ ಬಾವಿಗೆ ಸುದ್ದಿ ಮುಟ್ಟಿಸುತ್ತ ತಲೆ ನೆರೆಸಿಕೊಂಡಳು. ಸುದ್ದಿ ಮುಟ್ಟಿಸುವ ಆ ಅಭ್ಯಾಸ ಅವಳಿಗೆ ಬಂದದ್ದು ಒಂದು ಕಿಟಕಿಯಿಂದ.

ಪಕ್ಕದ ಮನೆ ಪಂಪು ನೋಡಿಕೊಳ್ಳುವ ಮೇಸ್ತ್ರಿಯದು. ಅವನ ಮಗಳನ್ನು ಎಲ್ಲರೂ ರಾಣಿ ಎನ್ನುತ್ತಿದ್ದರು. ಎಳೆತನದಲ್ಲಿ ಬಂದ ಜ್ವರ ಅವಳ ಎರಡು ಕಾಲುಗಳ ಬಲವನ್ನೂ ಕೊಂಡೊಯ್ದಿತ್ತು. ಹಾಸಿಗೆಯ ಮೇಲೆ ದಿಂಬಿಗೊರಗಿ ಕುಳಿತೇ ಮನೆಮಂದಿಯನ್ನೆಲ್ಲ ಆಳುತ್ತಿದ್ದುದರಿಂದ ಆ ಹೆಸರು. ಅವಳ ಕೋಣೆಯ ಕಿಟಕಿಗೆ ಎದುರಾಗಿ ರೇಡಿಯೋಳ ಕೋಣೆಯ ಕಿಟಕಿ. ಕತ್ತಲಾದರೆ ಮಕ್ಕಳು ಹೊಸ್ತಿಲು ದಾಟುವಂತಿರಲಿಲ್ಲ. ಕ್ಯಾಂಪಿನ ತುಂಬ ಎಣ್ಣೆ ನಿಂತ ಗುಂಡಿಗಳು. ರಾಣಿಗೆ ಕಾಲು ಸೆಳೆತ ಬರುತ್ತಿದ್ದುದೂ ಕತ್ತಲಾದ ಮೇಲೆಯೇ. ಆಗ ರೇಡಿಯೋ ತನ್ನ ಕಿಟಕಿಯಲ್ಲಿ ನಿಂತು ಆ ದಿನದ ಸಮಾಚಾರ ಆರಂಭಿಸುತ್ತಿದ್ದಳು.

"ಇವತ್ತು ವೆಲ್ಡರ್ ಮಾವನ ಟೋಪಿ ಎಣ್ಣೆಗುಂಡಿಗೆ ಬಿತ್ತು ಕಣೇ."

"ತಲೆ ಒಳಗಿತ್ತಾ?"

"ಇಲ್ಲ, ತಲೆ ಗುಂಡಿಯಿಂದ ಹೊರಗೇ ಉಳೀತು. ಮಾವನ ಹೆಂಡ್ತಿ ಹೇಳಿದ್ರು, ಟೋಪಿ ಉಳಿದು ತಲೆ ಹೋಗಿದ್ರೆ ಅಷ್ಟೇನೂ ನಷ್ಟ ಇರ್ಲಿಲ್ಲ ಅಂತ."

ರಾಣಿ ನಗುವ ಸದ್ದು ಕೇಳಿದರೆ ಅವಳ ಅಜ್ಜಿ ನೆಮ್ಮದಿಯಿಂದ ಮಗ್ಗುಲು ಬದಲಾಯಿಸುತ್ತಿದ್ದರು.

ಬಾವಿಗಳು ಬತ್ತಿ ಹೊಸ ಜಾಗಕ್ಕೆ ಹೊರಡುವ ಸುದ್ದಿ ಬಂದಾಗ ರಾಣಿ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲೂ ನಿಮ್ಮನೆ ಪಕ್ಕದಲ್ಲೇ ಇಡ್ತಾರಾ?" ಫೋರ್‌ಮನ್ ತನ್ನ ನಕ್ಷೆ ತೋರಿಸಿ, ಸಾಲು ಇದ್ದ ಹಾಗೆಯೇ ಇರುತ್ತದೆಂದು ಮಾತು ಕೊಟ್ಟ.

ಮಾತಿಗೆ ತಪ್ಪಿದವನು ಅವನಲ್ಲ. ಎಡವಟ್ಟಾದದ್ದು ಒಂದು ಪದದಿಂದ. ಆ ಮನೆಗಳಲ್ಲಿ ರಸ್ತೆಯ ಕಡೆಗೊಂದು ಬಾಗಿಲಿತ್ತು, ಹಿಂದೆ ಅಡುಗೆಮನೆಗೊಂದು. ಬಾವಿಯಿಂದ ಬರುವ ಗಂಡಸರ ಬೂಟಿನ ತುಂಬ ಎಣ್ಣೆ. ಅವರನ್ನು ನಡುಮನೆಯೊಳಗೆ ಬಿಟ್ಟುಕೊಳ್ಳುವ ಹೆಂಗಸು ಆ ಕ್ಯಾಂಪಿನಲ್ಲಿ ಹುಟ್ಟಿರಲಿಲ್ಲ. ಹೀಗಾಗಿ ಹೋಗುವುದು ಬರುವುದೆಲ್ಲ ಅಡುಗೆಮನೆಯ ಬಾಗಿಲಿನಿಂದಲೇ. ಬರುಬರುತ್ತ ಅದನ್ನೇ ಎಲ್ಲರೂ 'ಮುಂಬಾಗಿಲು' ಎಂದು ಕರೆಯತೊಡಗಿದ್ದರು. ನಿಜವಾದ ಮುಂಬಾಗಿಲಿಗೆ 'ಸಾಹೇಬರ ಬಾಗಿಲು' ಎಂದು ಹೆಸರು. ಸಾಹೇಬರು ಬಂದರೆ ಮಾತ್ರ ಅದರ ಅಗಣಿ ಸರಿಯುತ್ತಿತ್ತು. ಕ್ರೇನಿನವರು ಹೊರಗಿನಿಂದ ಬಂದವರು, ಈ ಭಾಷೆ ಅವರಿಗೇನು ಗೊತ್ತು? ಹೊಸ ಜಾಗದಲ್ಲಿ ಮೊದಲು ಇಳಿಸಿದ್ದು ರಾಣಿಯ ಮನೆಯನ್ನು. ಮೇಸ್ತ್ರಿ ಪಂಪಿನ ಬಳಿಯಿದ್ದ.

"ಅಜ್ಜೀ, ಇದರಲ್ಲಿ ಮುಂಬಾಗಿಲು ಯಾವುದು?" ಎಂದು ಕ್ರೇನಿನವನು ಕೇಳಿದ.

"ಇದೇ ಕಣಪ್ಪಾ, ದಿನಾ ಓಡಾಡೋದು ಗೊತ್ತಿಲ್ವಾ?" ಎಂದು ಅಜ್ಜಿ ಅಡುಗೆಮನೆಯ ಬಾಗಿಲಿಗೆ ಕೈ ತೋರಿಸಿದರು. ಕ್ರೇನಿನವನು ಆ ಬಾಗಿಲನ್ನು ರಸ್ತೆಯ ಕಡೆಗೆ ತಿರುಗಿಸಿ ಮನೆಯನ್ನು ಅಚ್ಚುಕಟ್ಟಾಗಿ ಕೂರಿಸಿದ.

ರೇಡಿಯೋ ಓಡಿ ಬಂದು ನೋಡಿದಾಗ, ತಮ್ಮ ಮನೆಗೆಂದು ಬಿಟ್ಟಿದ್ದ ಎಡಗಡೆಯ ಜಾಗಕ್ಕೆ ರಾಣಿಯ ಮನೆಯ ಬೋಳು ಗೋಡೆ ಮುಖ ಮಾಡಿತ್ತು. ಕಿಟಕಿ ಬಲಕ್ಕೆ ಹೋಗಿತ್ತು, ಕಂಪನಿಯ ಉಗ್ರಾಣದವನ ಮನೆ ಬರಬೇಕಾದ ಕಡೆಗೆ. ಅವಳು ಹೋಗಿ ಅಮ್ಮನನ್ನು ಕರೆತಂದಳು.

"ಮತ್ತೆ ಎತ್ತೋಕಾಗಲ್ಲ ಅಕ್ಕಾ," ಎಂದ ಫೋರ್‌ಮನ್, ಅಡುಗೆ ಅಕ್ಕನಿಗೆ. "ತೊಲೆ ಆಗಲೇ ಸೀಳಿದೆ. ಇನ್ನೊಂದು ಸಲ ಎತ್ತಿದ್ರೆ ಮನೆ ಸೌದೆಯಾಗುತ್ತೆ."

ರೇಡಿಯೋ ಕ್ಯಾಂಟೀನಿನ ವ್ಯಾನಿಗೆ ಓಡಿದಳು. ರಾಣಿಯನ್ನು ಅಲ್ಲಿ ಅಕ್ಕಿ ಮೂಟೆಗೆ ಒರಗಿಸಿ ಕೂರಿಸಿದ್ದರು. ಸುದ್ದಿ ಕೇಳಿ ಅವಳು ಅಳಲಿಲ್ಲ. "ಬೆಂಕಿಪೊಟ್ಟಣ ಎರಡು ಕೊಡು" ಎಂದಳು. ಒಂದೊಂದರ ಪಕ್ಕಕ್ಕೂ ಇದ್ದಿಲಿನಿಂದ ಕಿಟಕಿ ಬರೆದು, ಮೊದಲನೆಯದನ್ನು ತನ್ನ ಮನೆ ಕುಳಿತಂತೆ ಮೂಟೆಯ ಮೇಲಿಟ್ಟಳು. ಎರಡನೆಯದನ್ನು ಎಡಕ್ಕಿಟ್ಟಳು, ತಲೆಯಾಡಿಸಿದಳು. ಬಲಕ್ಕಿಟ್ಟು, ಹಿಂದುಮುಂದಾಗಿ ತಿರುಗಿಸಿದಳು. ಇದ್ದಿಲಿನ ಎರಡು ಕಿಟಕಿಗಳೂ ಎದುರುಬದುರಾದವು.

"ನಿಮ್ಮನೆ ಇನ್ನೂ ಲಾರಿ ಮೇಲೇ ಇದೆ ತಾನೆ? ಈ ಕಡೆ ತಂದು, ಅದನ್ನೂ ತಪ್ಪಾಗಿ ಇಡೋಕೆ ಹೇಳು."

ಹಿಂದೆಯೇ ಬಂದಿದ್ದ ಅಡುಗೆ ಅಕ್ಕ ಬೆಂಕಿಪೊಟ್ಟಣಗಳನ್ನು ಒಂದು ಗಳಿಗೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಫೋರ್‌ಮನ್ ಬಳಿಗೆ ಹೊರಟಳು.

"ಏನಕ್ಕಾ ನೀವು! ಅಡುಗೆಮನೆ ರಸ್ತೆಗೆ ಬರುತ್ತೆ. ನೋಡಿದೋರು ನಗ್ತಾರೆ," ಎಂದ ಫೋರ್‌ಮನ್.

"ನಗಲಿ ಬಿಡಪ್ಪಾ. ನನ್ನ ಅಡುಗೆ ತಿಂದು ಅಳೋರು ಬೇಕಾದಷ್ಟು ಜನ ಇದ್ದಾರೆ, ಮನೆ ನೋಡಿಯಾದ್ರೂ ನಗಲಿ."

ಫೋರ್‌ಮನ್ ನಕ್ಷೆ ಮಡಚಿ ಜೇಬಿಗಿಟ್ಟ. ಆದರೆ ಉಗ್ರಾಣದವನು ಒಪ್ಪಬೇಕಲ್ಲ. ಬಲಗಡೆಯ ಜಾಗದಲ್ಲಿ ಮರವೊಂದಿತ್ತು, ಆ ಬಯಲಿಗೆಲ್ಲ ಅದೊಂದೇ ನೆರಳು. ಅವನು ಆಗಲೇ ಅದರ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದ.

"ಮರ ನನ್ನ ಪಾಲಿಗೆ ಬಂದಿದ್ದು. ನಾನು ಬಿಡೋನಲ್ಲ."

"ಅಣ್ಣಾ, ಮಕ್ಕಳು ಮಾತಾಡ್ಕೊಳ್ಳೋಕೆ..."

"ನಿಮ್ಮ ಮಗಳ ಬಾಯಿಗೆ ಕಿಟಕಿ ಬೇರೆ ಬೇಕಾ? ಗೋಡೆ ತೂರಿಕೊಂಡು ಹೋಗುತ್ತೆ!"

ರೇಡಿಯೋ ಏನಾದರೂ ಹೇಳುತ್ತಾಳೆಂದು ಎಲ್ಲರೂ ಅವಳತ್ತ ತಿರುಗಿದರು. ಅವಳಿಗೆ ಮಾತೇ ಹೊರಡಲಿಲ್ಲ. ಕೆನ್ನೆಯ ಮೇಲೆ ನೀರಿಳಿಯಿತು. ಹುಟ್ಟಿದಾಗಿನಿಂದ ಸುಮ್ಮನಿದ್ದುದನ್ನು ಯಾರೂ ಕಂಡಿರದ ಹುಡುಗಿ ಹಾಗೆ ನಿಂತದ್ದನ್ನು ಉಗ್ರಾಣದವನಿಂದ ನೋಡಲಾಗಲಿಲ್ಲ.

"ಅಯ್ಯೋ, ಬೈಯಮ್ಮಾ, ಏನಾದ್ರೂ ಬೈಯಿ! ಹೀಗೆ ನಿಂತ್ಕೋಬೇಡ," ಎಂದು ಎದ್ದ. ಕುರ್ಚಿಯನ್ನು ಎತ್ತಿಕೊಂಡು ಎರಡು ಹೆಜ್ಜೆ ಹೋದವನು ತಿರುಗಿ ನಿಂತ. "ಮನೆ ಆ ಕಡೆ ಇಟ್ಕೋತೀನಿ. ಆದ್ರೆ ಊಟ ಆದ್ಮೇಲೆ ಈ ಕುರ್ಚಿ ಈ ಮರದ ಕೆಳಗೇ. ಯಾರೂ ಕೇಳೋ ಹಾಗಿಲ್ಲ."

"ಊಟಾನೂ ಇಲ್ಲೇ ಮಾಡಿ ಅಣ್ಣಾ," ಎಂದಳು ಅಡುಗೆ ಅಕ್ಕ.

"ಅಷ್ಟು ಶಿಕ್ಷೆ ಬೇಡಮ್ಮಾ."

ಕ್ರೇನಿನವನು ರೇಡಿಯೋಳ ಮನೆಯನ್ನು ಗಾಳಿಯಲ್ಲೇ ನಿಧಾನವಾಗಿ ತಿರುಗಿಸಿ, ಅಡುಗೆಮನೆ ರಸ್ತೆಗೆ ಬರುವಂತೆ ಇಳಿಸತೊಡಗಿದ. ಮೇಸ್ತ್ರಿಯೂ ಅಷ್ಟರಲ್ಲಿ ಬಂದು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. "ಇನ್ನೂ ಈ ಕಡೆ, ಇನ್ನೂ ಸ್ವಲ್ಪ" ಎಂದು ರಾಣಿ ಕೈಬೀಸಿ ಅಪ್ಪಣೆ ಕೊಡುತ್ತಿದ್ದಳು. ಫೋರ್‌ಮನ್ ಸಾಕು ಎಂದರೂ ಕ್ರೇನಿನವನು ಅವಳ ಕೈಯನ್ನೇ ನೋಡುತ್ತಿದ್ದ.

ಸಂಜೆ ಹಾಸಿಗೆ ಹಾಸಿದ್ದೂ ಆಯಿತು, ದೀಪ ಹಚ್ಚಿದ್ದೂ ಆಯಿತು. ರೇಡಿಯೋ ಕಿಟಕಿ ತೆರೆದಳು. ಎದುರಿಗೆ ರಾಣಿ ಆಗಲೇ ದಿಂಬಿಗೊರಗಿ ಕುಳಿತಿದ್ದಳು. ಮನೆಗಳು ಎಷ್ಟು ಹತ್ತಿರ ಬಂದಿದ್ದವೆಂದರೆ, ಹಿಂದೆಂದೂ ಎಟುಕದಿದ್ದ ಕೈ ಈಗ ಸರಳುಗಳ ನಡುವಿನಿಂದ ಚಾಚಿದರೆ ಎಟುಕುತ್ತಿತ್ತು. ರಾಣಿಯ ಕಾಲು ಸೆಳೆತ ಆ ರಾತ್ರಿಯೂ ಬಂತು. ಅದು ನಿಲ್ಲುವವರೆಗೆ ರೇಡಿಯೋ ಅವಳ ಬೆರಳುಗಳನ್ನು ಹಿಡಿದುಕೊಂಡು ನಿಂತಿದ್ದಳು.