ಒಲೆ ನೋಡಿ ನಿಂತ ಜಾಮೀನು

ಗಣಪತಿ ಹಬ್ಬಕ್ಕೆ ವಾರ ಇರುವಾಗ ನನಗೊಂದು ಫೋನು ಬರುತ್ತಿತ್ತು. "ನಾಳೆ ಹತ್ತಕ್ಕೆ ಪರೇಡು ಐತೆ, ಬರ್ರಿ." ಹನ್ನೊಂದು ವರ್ಷ ಹೋದೆ. ಠಾಣೆಯ ಅಂಗಳದಲ್ಲಿ ರೌಡಿಶೀಟರುಗಳ ಸಾಲು. ನನ್ನ ಎಡಕ್ಕೆ ಯಾವಾಗಲೂ ಒಬ್ಬ ದಪ್ಪ ಮೀಸೆಯವನು ನಿಲ್ಲುತ್ತಿದ್ದ. ನಿಂತೂ ನಿಂತೂ ನಮ್ಮಿಬ್ಬರಿಗೂ ಸಲಿಗೆ ಬೆಳೆದಿತ್ತು.

ಒಂದು ವರ್ಷ ಹೊಸದಾಗಿ ಬಂದ ಸಬ್‌ಇನ್ಸ್‌ಪೆಕ್ಟರು, ನನ್ನ ಮಗಳ ವಯಸ್ಸಿನವರು, ನನ್ನ ಮುಂದೆ ನಿಂತು ಕೇಳಿದರು.

"ಏನ್ ಕೆಲಸ ಮಾಡ್ತೀಯ?"

"ಸ್ಕೂಲ್ ವ್ಯಾನ್ ಓಡಿಸ್ತೀನಿ ಸಾರ್. ಹರಿಹರದಿಂದ ದಾವಣಗೆರೆಗೆ ಮಕ್ಕಳನ್ನ ಬಿಡ್ತೀನಿ."

"ಮಕ್ಕಳು ಹೆದರಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಮೀಸೆಯವನು ಹೇಳಿದ: "ಅವೇ ಇವನ್ನ ಹೆದರಿಸ್ತಾವ್ ಸಾರ್." ಸಾಲಿಗೆ ಸಾಲೇ ನಕ್ಕಿತು. ಅವನಿಗೆ ಬಿಸಿಲಲ್ಲಿ ಇನ್ನರ್ಧ ಗಂಟೆ ಜಾಸ್ತಿ ನಿಲ್ಲುವ ಶಿಕ್ಷೆಯಾಯಿತು.

ನಾನು ಆ ಸಾಲಿಗೆ ಸೇರಿದ ಬಗೆಯನ್ನು ಹೇಳಬೇಕು. ಕುಕ್ಕುವಾಡದಲ್ಲಿ ನಮ್ಮಜ್ಜ ಬಿಟ್ಟುಹೋದ ಎರಡು ಎಕರೆ ಗದ್ದೆ ನನ್ನ ಹೆಸರಿಗಿದೆ. ಅಜ್ಜನೇ ನನಗೆ ಮಾತು ಕಲಿಸಿದವನು. ಅಕ್ಷರ ಶಾಲೆಯಲ್ಲಿ ಬಂತು, ಮಾತು ಅವನ ಕಟ್ಟೆಯಲ್ಲಿ ಬಂತು. "ಹೊಲ ಬರೀ ಭತ್ತಕ್ಕಲ್ಲಲೇ, ಮಂದಿಗೂ ಆಗಬೇಕು," ಅನ್ನುತ್ತಿದ್ದ. ವ್ಯಾನು ಹಿಡಿಯುವ ಮುಂಚೆ ನಾನು ಗುತ್ತೂರಿನ ಹತ್ತಿರ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದಾಗ ಈ ಮಾತಿನ ಅರ್ಥ ತಿಳಿಯಿತು. ನಮ್ಮ ಬೀದಿಯವರೆಲ್ಲ ಬಾಡಿಗೆ ಮನೆಯ ಕೂಲಿಯವರು. ಯಾರದೋ ಮಗ ಹೊಡೆದಾಟದಲ್ಲಿ ಸಿಕ್ಕಿಬಿದ್ದರೆ, ಅವನನ್ನು ಬಿಡಿಸಲು ಕೋರ್ಟು ಜಮೀನಿನ ಪಹಣಿ ಇರುವ ಜಾಮೀನುದಾರನನ್ನು ಕೇಳುತ್ತದೆ. ಇಡೀ ಬೀದಿಯಲ್ಲಿ ಪಹಣಿ ಇದ್ದವನು ನಾನೊಬ್ಬನೇ. ತಾಯಂದಿರು ನನ್ನ ಬಾಗಿಲಿಗೆ ಬರುತ್ತಿದ್ದರು.

ಬಂದವರಿಗೆಲ್ಲ ಹೂಂ ಅನ್ನುತ್ತಿದ್ದೆ ಅಂದುಕೊಳ್ಳಬೇಡಿ. ಅದಕ್ಕೂ ಅಜ್ಜನದೊಂದು ಪಾಠವಿತ್ತು: "ಜಾಮೀನು ನಿಲ್ಲೋಕಿಂತ ಮುಂಚೆ ಅವರ ಒಲೆ ನೋಡು. ತನಗೋಸ್ಕರ ಅನ್ನ ಎತ್ತಿಡೋರು ಇರೋ ಮನೆಯವನು ಓಡಿ ಹೋಗಲ್ಲ." ಈಗ ಎಲ್ಲರ ಮನೆಯಲ್ಲೂ ಗ್ಯಾಸು. ಆದರೂ ಹೋಗಿ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಚಹಾ ಕುಡಿಯುತ್ತಿದ್ದೆ. ಜೈಲಿನಲ್ಲಿರುವ ಮಗನ ತಟ್ಟೆಯನ್ನು ತಾಯಿ ಕಪಾಟಿನ ಮೇಲೆ ಎತ್ತಿಟ್ಟಿದ್ದಾಳೋ, ಇಲ್ಲ ಅದರಲ್ಲೇ ಬೇರೆಯವರಿಗೆ ಬಡಿಸುತ್ತಿದ್ದಾಳೋ ನೋಡುತ್ತಿದ್ದೆ. ಎರಡು ಸಲ ಆಗಲ್ಲ ಎಂದು ಹೇಳಿ ಎದ್ದು ಬಂದಿದ್ದೇನೆ. ನಿಂತ ಮೇಲೆ ಮಾತ್ರ ವಾಯಿದೆಯ ದಿನ ಬೆಳಿಗ್ಗೆ ಅವರ ಮನೆಯ ಮುಂದೆ ಹೋಗಿ ಹಾರ್ನ್ ಹೊಡೆದು ಎಬ್ಬಿಸಿ, ನಾನೇ ಕೋರ್ಟಿಗೆ ಕರೆದೊಯ್ಯುತ್ತಿದ್ದೆ.

ಒಮ್ಮೆ ಜೊತೆಗಾರನೊಬ್ಬನ ಮಗನನ್ನು ಕೋರ್ಟಿಗೆ ಹಾಜರುಪಡಿಸದೆ ಎರಡು ರಾತ್ರಿ ಲಾಕಪ್ಪಿನಲ್ಲಿಟ್ಟಿದ್ದರು. ಕೇಳಲು ಹೋದೆ. ಮಾತಿಗೆ ಮಾತು ಬೆಳೆಯಿತು. ಸರ್ಕಾರಿ ಕೆಲಸಕ್ಕೆ ಅಡ್ಡಿ ಎಂದು ನನ್ನ ಮೇಲೇ ಕೇಸು ಬಿತ್ತು. ನಾಲ್ಕು ವರ್ಷದ ಮೇಲೆ ಕೋರ್ಟು ನನ್ನನ್ನು ಬಿಡುಗಡೆ ಮಾಡಿತು. ಆದರೆ ಆ ಕೇಸಿನ ಬೆನ್ನಿಗೇ ತೆರೆದ ರೌಡಿಶೀಟು ಹಾಗೇ ಉಳಿಯಿತು. ಅದರಲ್ಲಿ ಹೀಗೆ ಬರೆದಿತ್ತು: 'ಆರೋಪಿಗಳಿಗೆ ಜಾಮೀನು ನಿಲ್ಲುವ ಚಾಳಿ ಉಳ್ಳವನು.'

ನನ್ನ ಹೆಂಡತಿಗೆ ಓದಿ ಹೇಳಿದಾಗ, "ರೌಡಿ ಅನ್ನೋದು ಸುಳ್ಳು, ಚಾಳಿ ಅನ್ನೋದು ಖರೇ ಬಿಡ್ರಿ," ಅಂದಳು.

ವರ್ಷಕ್ಕೊಮ್ಮೆ ಬಿಸಿಲಲ್ಲಿ ನಿಲ್ಲುವುದಷ್ಟೇ ಆಗಿದ್ದರೆ ನಾನು ನಿಂತುಕೊಂಡೇ ಇರುತ್ತಿದ್ದೆನೇನೋ. ಕಳೆದ ವರ್ಷ ಶಾಲೆಯವರು ಎಲ್ಲ ವ್ಯಾನ್ ಚಾಲಕರೂ ಪೊಲೀಸ್ ಪ್ರಮಾಣಪತ್ರ ತರಬೇಕು ಎಂದರು. ನನ್ನದರಲ್ಲಿ 'ರೌಡಿ ಪಟ್ಟಿಯಲ್ಲಿ ಹೆಸರಿದೆ' ಎಂದು ಬಂತು. ಹೆಡ್‌ಮೇಡಂ ಒಳ್ಳೆಯವರು. "ನಿಮ್ಮ ಮೇಲೆ ನಮಗೆ ಅನುಮಾನ ಇಲ್ಲಣ್ಣ. ಆದ್ರೆ ಪೇಪರ್ ಬೇಕು. ಎರಡು ತಿಂಗಳು ಕಾಯ್ತೀನಿ, ಆಮೇಲೆ ನನ್ನ ಕೈಲಿಲ್ಲ," ಅಂದರು.

ವಕೀಲರೊಬ್ಬರನ್ನು ಹಿಡಿದು ಹೆಸರು ತೆಗೆಯುವಂತೆ ಅರ್ಜಿ ಹಾಕಿದೆ. ವಿಚಾರಣೆಗೆಂದು ಹವಾಲ್ದಾರರು ನಮ್ಮ ಬೀದಿಗೆ ಬಂದರು. ಪಕ್ಕದ ಮನೆಯಲ್ಲಿ ಕೋಳಿ ಸಾಕುವ ಅಕ್ಕ ಸಿಕ್ಕಳು.

"ಇವರ ನಡತೆ ಹೆಂಗೆ ಐತೆ?"

"ಯಾರ್ದು, ಈ ಅಣ್ಣಂದಾ? ನನ್ನ ಹುಂಜ ದಿನಾ ಇವರ ವ್ಯಾನ್ ಮೇಲೆ ಹತ್ತಿ ಕೂಗ್ತತಿ. ಹುಷ್ ಅನ್ನಾಕೂ ಬರಲ್ಲ ಇವರಿಗೆ. ಇವರು ರೌಡಿ ಆದ್ರೆ ನನ್ನ ಹುಂಜ ಡಾನ್ ಆಗಬೇಕು. ಬರ್ಕೊಳ್ರಿ."

ಹವಾಲ್ದಾರರು ಹುಂಜವನ್ನು ಬಿಟ್ಟು ಮಿಕ್ಕಿದ್ದನ್ನು ಬರೆದುಕೊಂಡರು.

ಕಡತ ಮೇಲಕ್ಕೆ ಹೋಗುವ ಮುಂಚೆ ಠಾಣೆಗೆ ಕರೆದರು. ಅಲ್ಲಿನ ರೈಟರು, ಅಂದರೆ ಕಡತ ಬರೆಯುವ ಪೊಲೀಸರು, "ಕೂಡ್ರಿ" ಎಂದು ಕುರ್ಚಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಅದೇ ಮೊದಲು. ಟೈಪು ಮಾಡಿದ ಮುಚ್ಚಳಿಕೆಯೊಂದನ್ನು ಮುಂದಿಟ್ಟರು. ಶಾಂತಿ ಕಾಪಾಡುತ್ತೇನೆ, ಸರಿ. ಗಲಾಟೆಗೆ ಹೋಗುವುದಿಲ್ಲ, ಸರಿ. ಕೊನೆಯ ಸಾಲು: 'ಇನ್ನು ಮುಂದೆ ಯಾವ ಆರೋಪಿಗೂ ಜಾಮೀನು ನಿಲ್ಲುವುದಿಲ್ಲ.'

ಪೆನ್ನು ಕೆಳಗಿಟ್ಟೆ. "ಇದೊಂದು ಸಾಲು ಹೊಡೆದು ಹಾಕ್ರಿ ಸಾರ್, ಉಳಿದಿದ್ದಕ್ಕೆಲ್ಲ ಸಹಿ ಮಾಡ್ತೀನಿ."

"ಅದೇ ಮುಖ್ಯವಾದ್ ಸಾಲು. ಸುಮ್ನೆ ಹಾಕ್ರಿ ಮಾರಾಯ್ರೆ. ಆಮೇಲೆ ನಿಂತ್ರೆ ಯಾರ್ ನೋಡ್ತಾರೆ?"

"ಸಹಿ ಹಾಕಿ ತಪ್ಪೋನು ನಾಳೆ ಕೋರ್ಟಿನಾಗ ಜಾಮೀನು ಅಂತ ಸಹಿ ಹಾಕಿದ್ರೆ ಅದಕ್ಕೇನ್ ಬೆಲೆ ಸಾರ್?"

ಅವರು ಕಾಗದವನ್ನು ಕಡತದೊಳಗೆ ತಳ್ಳಿದರು. "ಹಂಗಾದ್ರೆ ಗಣಪತಿ ಹಬ್ಬಕ್ಕೆ ಸಿಗಾಣ."

ಮನೆಗೆ ಬಂದು ಹೇಳಿದೆ. ಹೆಂಡತಿ ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ.

"ವ್ಯಾನ್ ನಿಂತ್ರೆ ನಿಮ್ಮಜ್ಜ ಬಂದು ಮನಿ ನಡೆಸ್ತಾನಾ?"

ಮೂರು ರೊಟ್ಟಿ ಬೆಂದವು. ಆಮೇಲೆ ಅವಳೇ ಕೇಳಿದಳು: "ಇಷ್ಟು ಮಂದಿಗೆ ನಿಂತ್ರಲ್ಲ, ಒಬ್ಬನಾದ್ರೂ ಕೋರ್ಟಿಗೆ ಚಕ್ಕರ್ ಹೊಡೆದಾನಾ?"

"ಇಲ್ಲ."

"ಮತ್ತೆ ಅದನ್ನ ಕೋರ್ಟಿನಿಂದ್ಲೇ ಬರೆಸ್ಕೊಂಡ್ ಬರ್ರಿ. ಅವರು ಚಾಳಿ ಅಂತ ಬರೆದಾರ, ಇವರೇನ್ ಬರೀತಾರೋ ನೋಡಾಣ."

ವಕೀಲರು ನಾನು ಜಾಮೀನು ನಿಂತ ಹದಿನಾಲ್ಕೂ ಪ್ರಕರಣಗಳ ದೃಢೀಕೃತ ನಕಲು ತೆಗೆಸಿದರು. ಒಂದೂವರೆ ತಿಂಗಳು ಹಿಡಿಯಿತು. ಹದಿನಾಲ್ಕರಲ್ಲೂ ಯಾರೂ ತಪ್ಪಿಸಿಕೊಂಡಿರಲಿಲ್ಲ. ಒಬ್ಬ ಮಾತ್ರ ಕೊನೆಯ ವಾಯಿದೆಗೆ ಬಂದಿರಲಿಲ್ಲ, ತೀರಿಕೊಂಡಿದ್ದ. ಅವನ ಮರಣ ಪ್ರಮಾಣಪತ್ರವನ್ನು ಕೋರ್ಟಿಗೆ ತಲುಪಿಸಿದವನೂ ನಾನೇ ಎಂದು ಅದರಲ್ಲಿ ದಾಖಲಾಗಿತ್ತು.

ಆ ಕಟ್ಟು ಹಿಡಿದು ದಾವಣಗೆರೆಗೆ, ಎಸ್ಪಿ ಸಾಹೇಬರ ಕಚೇರಿಗೆ ಹೋದೆವು. ಅವರು ಒಂದೊಂದೇ ಹಾಳೆ ತಿರುವಿದರು.

"ಮುಂದೆಯೂ ನಿಲ್ತೀರಾ?"

ವಕೀಲರು ನನ್ನ ಕಾಲು ತುಳಿದರು.

"ನಿಲ್ತೀನಿ ಸಾರ್. ಒಲೆ ನೋಡಿ ನಿಲ್ತೀನಿ."

"ಒಲೆ?"

ವಿವರಿಸಿದೆ. ಅವರು ನಗಲಿಲ್ಲ. ಹಸಿರು ಶಾಯಿಯಲ್ಲಿ ಏನೋ ಬರೆದು, "ಹೋಗಿ ಬನ್ನಿ," ಅಂದರು.

ಆದೇಶ ಬರುವಷ್ಟರಲ್ಲಿ ಶಾಲೆಯ ಗಡುವು ಮೀರಿ ಒಂಬತ್ತು ದಿನವಾಗಿತ್ತು. ಆ ಒಂಬತ್ತು ದಿನ ವ್ಯಾನು ಮನೆಯ ಮುಂದೆ ನಿಂತಿತ್ತು, ಹುಂಜ ಹಗಲೆಲ್ಲ ಅದರ ಮೇಲಿತ್ತು. ಆದೇಶದಲ್ಲಿ ಎರಡೇ ಸಾಲು: ಶೀಟು ಮುಕ್ತಾಯಗೊಳಿಸಿದೆ. ಷರತ್ತಿಲ್ಲ. ಹೆಡ್‌ಮೇಡಂ ಅದನ್ನು ಎರಡು ಸಲ ಓದಿ, ಮರುದಿನದಿಂದಲೇ ಬನ್ನಿ ಅಂದರು.

ಶೀಟು ಮುಗಿದವರಿಗೆಲ್ಲ ಒಂದು ಸಭೆ ಇಟ್ಟಿದ್ದರು. ಬದಲಾದವರಿಗೆ ಗುಲಾಬಿ ಹೂ, ಬುದ್ಧಿಮಾತು. ನಾನು ಹೋಗಲಿಲ್ಲ. ನಾನೇನು ಬದಲಾಗಿದ್ದೆ?

ಈ ವರ್ಷ ಪರೇಡಿನ ದಿನ ಮೀಸೆಯವನ ಫೋನು ಬಂತು. "ಅಣ್ಣ, ನಿನ್ನ ಜಾಗಕ್ಕೆ ಹೊಸಬ ಬಂದಾನ. ಜೋಕ್ ಹೇಳಿದ್ರೆ ನಗಲ್ಲ, ಬೇಜಾರು. ಎಲ್ಲಿದ್ದಿ?"

"ಕೋರ್ಟಿನಾಗ."

"ಅಯ್ಯ, ಮತ್ತೇನ್ ಮಾಡ್ಕೊಂಡಿ?"

ಆನಗೋಡಿನ ಹೆಣ್ಣುಮಗಳೊಬ್ಬಳು ತಮ್ಮನಿಗಾಗಿ ಬಂದಿದ್ದಳು. ಹಿಂದಿನ ದಿನವೇ ಅವರ ಅಡುಗೆಮನೆಯಲ್ಲಿ ಕುಳಿತು ಬಂದಿದ್ದೆ. ತಮ್ಮನ ತಟ್ಟೆ ತೊಳೆದು ಗೋಡೆಗೆ ಒರಗಿಸಿಟ್ಟಿದ್ದಳು, ಬೇರೆಯವರು ಮುಟ್ಟಿರಲಿಲ್ಲ. ಈಗ ನನ್ನ ಮುಂದೆ ಜಾಮೀನುದಾರನ ಫಾರಂ ಇತ್ತು. ಇದುವರೆಗೆ ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂದು ಅದರಲ್ಲಿ ಕೇಳುತ್ತಾರೆ.

ನಾನು ಬರೆದದ್ದನ್ನು ಗುಮಾಸ್ತರು ನೋಡಿದರು. "ಇಷ್ಟೊಂದಾ? ಜಡ್ಜ್ ಸಾಹೇಬ್ರು ಕೇಳ್ತಾರ್ರಿ. ಒಂದೋ ಎರಡೋ ಅಂತ ಬರೀಬಾರ್ದಾ?"

"ಕೇಳ್ಲಿ," ಎಂದು ಪೆನ್ನು ಮತ್ತೆ ತೆಗೆದುಕೊಂಡೆ. ಅಂಕಿಯಲ್ಲಿ ಬರೆದದ್ದರ ಪಕ್ಕಕ್ಕೆ ಅಕ್ಷರದಲ್ಲೂ ಬರೆದೆ: ಹದಿನಾಲ್ಕು.